ಧನಭಾಗ್ಯಂ ಆಡಿದ ಹೆರಿಗೆ

ಮದರಾಸು
20 ಜನವರಿ 1993

ಎಳಿಲು ಕಣ್ಣೇ,

ಹಬ್ಬಕ್ಕೆ ನೀನು ಬರುತ್ತೀಯೆಂದು ಕಾದೆ. ನರ್ಸ್ ತರಬೇತಿಯಲ್ಲಿ ರಜೆ ಕೊಡಲಿಲ್ಲವೆಂದು ಬರೆದಿದ್ದೀಯ. ರೋಗಕ್ಕೆ ಹಬ್ಬವೇ ಹುಣ್ಣಿಮೆಯೇ, ಸರಿ ಬಿಡು. ಫುಟ್‌ಪಾತಿನ ಅಂಚಿನಲ್ಲಿ ಮೂರು ಇಟ್ಟಿಗೆ ಹೂಡಿ ಪೊಂಗಲ್ ಉಕ್ಕಿಸಿದೆ. ಚಹಾ ಅಂಗಡಿ ಕಾಸಿಂ ಭಾಯಿಗೆ ಒಂದು ಲೋಟ ಕೊಟ್ಟೆ. ನಿನ್ನ ಪಾಲನ್ನು ಪಕ್ಕದ ಬರ್ಮಾ ತಾತ ನಾಚಿಕೆಯಿಲ್ಲದೆ ತಿಂದ.

ಒಂದು ಸಮಾಚಾರ. ನಮ್ಮ ಬೀದಿಗೆ ನಾಟಕದವರು ಬಂದಿದ್ದಾರೆ. ಮಧ್ಯಾಹ್ನ ನಾನು ಮೊರ ಹಿಡಿದು, ಮಂಡಿಯಲ್ಲಿ ಮೂಟೆ ಇಳಿಸುವಾಗ ಚೆಲ್ಲಿದ ತೊಗರಿಬೇಳೆ ಕೇರುತ್ತಿದ್ದೆ. ಜುಬ್ಬಾ ಹಾಕಿಕೊಂಡ ಒಬ್ಬ, ಅವನ ಹಿಂದೆ ಹುಡುಗ ಹುಡುಗಿಯರ ಗುಂಪು. ತಾತ ಎದ್ದು ಕೂತು ಕೇಳಿದ:

"ಏನಪ್ಪಾ, ಎಬ್ಬಿಸೋಕೆ ಬಂದ್ರಾ, ಗಂಜಿ ಹಂಚೋಕೆ ಬಂದ್ರಾ? ಬೇಗ ಹೇಳಿ, ಎರಡಕ್ಕೂ ಬೇರೆ ಬೇರೆ ಥರ ಕೂತ್ಕೋಬೇಕು."

"ಎರಡೂ ಇಲ್ಲ ತಾತಾ, ಕೇಳೋಕೆ ಬಂದಿದ್ದೀವಿ. ನಿಮ್ಮ ಕಥೆ."

"ಬಾಡಿಗೆ ಒಂದನ್ನ ಬಿಟ್ಟು ಏನು ಬೇಕಾದ್ರೂ ಕೇಳಿ."

ಜುಬ್ಬಾದವನ ಹೆಸರು ಮದಿವಾಣನ್. ಮನೆಯಿಲ್ಲದವರ ಬಗ್ಗೆ ನಾಟಕ ಮಾಡುತ್ತಾರಂತೆ. ಬರೆದಿಟ್ಟ ಮಾತೇ ಇಲ್ಲವಂತೆ. ನಾವು ಹೇಳಿದ್ದೇ ಮಾತು, ನಮಗೆ ಆದದ್ದೇ ಕಥೆ. ಮುಚ್ಚಿಹೋದ ಅಚ್ಚುಕೂಟದ ಮಹಡಿಯಲ್ಲಿ ಭಾನುವಾರಗಳಂದು ಸೇರಬೇಕು. ತಾತ ಅದಾಗಲೇ ಹೇಳಿಬಿಟ್ಟಿದ್ದಾನೆ: ರಂಗೂನಿನಲ್ಲಿ ಅವನಿಗೆ ಅಕ್ಕಿ ಗಿರಣಿ ಇತ್ತಂತೆ. ಹೋದ ವಾರ ನನಗೆ ಹೇಳುವಾಗ ಅದು ಸಿನಿಮಾ ಟಾಕೀಸು ಆಗಿತ್ತು.

ನಾನು ಹೋಗಲೇ, ಬೇಡವೇ, ಬರೆ.

ನಿನ್ನ ಅಮ್ಮ,
ಧನಭಾಗ್ಯಂ


ಕೊಯಮತ್ತೂರು
7 ಫೆಬ್ರವರಿ 1993

ಅಮ್ಮನಿಗೆ,

ನಾನು ಕ್ಷೇಮ. ಈಗ ಗಂಡಸರ ವಾರ್ಡಿಗೆ ಹಾಕಿದ್ದಾರೆ. ನಿಂತು ನಿಂತು ಕಾಲು ಊದುತ್ತದೆ.

ನಾಟಕದವರ ಸಹವಾಸ ನಿನಗೇಕೆ? ಹಿಂದೆ ಫೋಟೋ ತೆಗೆಯುವವರು ಬಂದಿದ್ದರು, ನೆನಪಿದೆಯೇ? ನನ್ನ ತಲೆ ಬಾಚಲೂ ಬಿಡದೆ ಹಾಗೇ ಇರಲಿ ಎಂದಿದ್ದರು. ಹೋಗಲೇಬೇಕೆಂದಿದ್ದರೆ ಹೋಗು, ಭಾನುವಾರ ಹೇಗೂ ಮಂಡಿ ಮುಚ್ಚಿರುತ್ತದೆ. ಹೆಚ್ಚು ಮಾತಾಡಬೇಡ.

ಎಳಿಲರಸಿ


ಮದರಾಸು
3 ಮಾರ್ಚ್ 1993

ಎಳಿಲು ಕಣ್ಣೇ,

ಹೆಚ್ಚು ಮಾತಾಡಬೇಡವೆಂದು ನೀನು ಬರೆದೆ. ಆದರೆ ಮಾತಾಡಿಬಿಟ್ಟೆ.

ಅಲ್ಲಿ ಎಲ್ಲರೂ ಸುತ್ತ ಕೂರುತ್ತೇವೆ. ಒಬ್ಬೊಬ್ಬರೇ ಹೇಳಬೇಕು. ಹೇಳಿ ಮುಗಿದ ಮೇಲೆ ನಾಟಕದ ಹುಡುಗರು ಎದ್ದು ಅದನ್ನೇ ಆಡಿ ತೋರಿಸುತ್ತಾರೆ, ತಪ್ಪಿದ್ದರೆ ನಾವು ತಿದ್ದುತ್ತೇವೆ. ತಾತ ಪ್ರತಿ ವಾರ ಬೇರೆ ಕಥೆ ಹೇಳಿ ಮದಿವಾಣನ್ ತಲೆ ತಿನ್ನುತ್ತಿದ್ದಾನೆ. "ಇದರಲ್ಲಿ ಯಾವುದು ನಿಜ ತಾತಾ?" ಎಂದರೆ, "ನೋಡೋರಿಗೆ ಯಾವುದಕ್ಕೆ ಅಳು ಬರುತ್ತೋ ಅದು" ಅನ್ನುತ್ತಾನೆ.

ನಾನು ನಿನ್ನ ಹೆರಿಗೆ ಹೇಳಿದೆ. ಅದೇ ಏಕೆ ಬಾಯಿಗೆ ಬಂತೋ ಗೊತ್ತಿಲ್ಲ. ಊರೆಲ್ಲ ಬಂದ್ ಆಗಿದ್ದ ದಿನ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದ ಮಧ್ಯಾಹ್ನ. ನಮ್ಮ ಸಾಲಿನ ಹೆಂಗಸರು ತಮ್ಮ ತಮ್ಮ ಸೀರೆ ತಂದು, ನನ್ನ ಸುತ್ತ ಬೆನ್ನು ಮಾಡಿ, ಮುಖ ಹೊರಗೆ ತಿರುಗಿಸಿಕೊಂಡು, ಸೀರೆಯ ಗೋಡೆ ಹಿಡಿದು ನಿಂತಿದ್ದರಲ್ಲ, ಅದು. ಹಿಂದಿನ ದಿನ ಕೊಡ ನೀರಿಗೆ ನನ್ನ ಜುಟ್ಟು ಹಿಡಿದವಳೂ ಅವರಲ್ಲಿ ಇದ್ದಳು.

ಸುಗುಣ ಎಂಬ ಕಾಲೇಜು ಹುಡುಗಿ ನಾನಾಗಿ ಮಲಗಿ ಗೋಳೋ ಎಂದು ಅತ್ತಳು. ನನಗೆ ತಡೆಯಲಾಗಲಿಲ್ಲ.

"ನಾನು ಅಳಲೇ ಇಲ್ಲ ಕಣಮ್ಮ. ಬೈತಾ ಇದ್ದೆ."

"ಯಾರನ್ನ ಅಕ್ಕಾ?"

"ಮೊದಲು ಗಂಡನ್ನ. ಆಮೇಲೆ ಬಂದ್ ಮಾಡಿದೋರನ್ನ. ಆಮೇಲೆ ದೇವರನ್ನ. ಕೊನೆಗೆ ಯಾರೂ ಉಳೀಲಿಲ್ಲ, ಮತ್ತೆ ಗಂಡನಿಂದ ಶುರು ಮಾಡ್ದೆ."

ಎಲ್ಲರೂ ನಕ್ಕರು. "ನೀವೇ ಮಾಡಿ ತೋರಿಸಿ ಅಕ್ಕಾ" ಎಂದ ಮದಿವಾಣನ್. ನೆಲದ ಮೇಲೆ ಮಲಗಿದೆ. ಆಮೇಲೆ ಏನು ಮಾಡಿದೆನೋ ನನಗೇ ತಿಳಿಯದು. ಎದ್ದು ಕೂತಾಗ ಎಲ್ಲರೂ ನನ್ನ ಕಡೆಗೇ ಸರಿದು ಕೂತಿದ್ದರು. ಸುಗುಣ ನೀರು ತಂದುಕೊಟ್ಟಳು. ಕಣ್ಣೇ, ಇಷ್ಟು ವರ್ಷ ಇಷ್ಟೊಂದು ಜನರ ಕಾಲ ಬಳಿ ಬದುಕಿದ್ದೇನೆ. ನಾನು ಹೇಳಿ ಮುಗಿಸುವವರೆಗೆ ಒಬ್ಬರೂ ಕಾದದ್ದಿಲ್ಲ.

ಆ ಪಾತ್ರ ನಾನೇ ಮಾಡಬೇಕಂತೆ. ಒಪ್ಪಿದೆ.

ಅಮ್ಮ


ಕೊಯಮತ್ತೂರು
14 ಮಾರ್ಚ್ 1993

ಅಮ್ಮನಿಗೆ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ.

ನಿನಗೆ ಹೇಳದ ಒಂದು ಮಾತಿದೆ, ಈಗ ಹೇಳಬೇಕಾಗಿದೆ. ಹಾಸ್ಟೆಲ್ ಸೇರಿದ ದಿನ ಮೇಟ್ರನ್ ಅಮ್ಮ ಎಲ್ಲರೆದುರು ಅಪ್ಪ ಏನು ಮಾಡುತ್ತಾರೆ, ಮನೆ ಎಲ್ಲಿ ಎಂದು ಕೇಳಿದರು. ಅಪ್ಪ ಇಲ್ಲ ಎಂದೆ. ಅದು ನಿಜ. ಅಮ್ಮನೂ ಇಲ್ಲ ಎಂದುಬಿಟ್ಟೆ. ದೊಡ್ಡಮ್ಮ ಸಾಕಿದಳು ಎಂದೆ. ನನ್ನ ಕೋಣೆಯ ಬೆನಿಟಾಗೆ ನಿನ್ನ ಕಾಗದಗಳೆಲ್ಲ ದೊಡ್ಡಮ್ಮನ ಕಾಗದಗಳು. ಅವಳು ನಿನ್ನ ಅಕ್ಷರ ಚೆನ್ನಾಗಿದೆ ಎನ್ನುತ್ತಾಳೆ.

ಇಲ್ಲಿ ಯಾರಿಗೂ ನಾನು ಎಲ್ಲಿ ಹುಟ್ಟಿದೆನೆಂದು ಗೊತ್ತಿಲ್ಲ. ನನಗೂ ಅದು ಮರೆತ ಹಾಗೆ ಇತ್ತು. ಆ ಬೀದಿಯಲ್ಲಿ ನನಗೆ ನೆನಪಿರುವ ಅಪ್ಪನೆಂದರೆ ಒಬ್ಬನೇ: ಮಂಡಿಯವನು ಕೆನ್ನೆಗೆ ಹೊಡೆದಾಗ ಕೈಗಾಡಿಯ ಮೂಕಿ ಹಿಡಿದು ತಲೆ ತಗ್ಗಿಸಿ ನಿಂತಿದ್ದವನು. ಅದನ್ನೂ ಆಡಿ ತೋರಿಸುತ್ತೀಯಾ? ಟಿಕೆಟ್ ಕೊಂಡವರಿಗೆ?

ಹೆರಿಗೆ ನಿನ್ನದಿರಬಹುದು. ಹುಟ್ಟು ನನ್ನದು. ಅದನ್ನು ನಾಟಕದಿಂದ ತೆಗೆಸು.

ಎಳಿಲರಸಿ


ಮದರಾಸು
2 ಮೇ 1993

ಎಳಿಲರಸಿಗೆ,

ಬರೆಯಲು ತಡವಾಯಿತು. ನಿನ್ನ ಕಾಗದವನ್ನು ಕಾಸಿಂ ಭಾಯಿಯ ಬೆಂಚಿನ ಮೇಲೆ ಕೂತು ಓದಿದೆ. "ಮಗಳು ಚೆನ್ನಾಗಿದ್ದಾಳಾ?" ಎಂದರು. "ಚೆನ್ನಾಗಿದ್ದಾಳೆ ಭಾಯಿ" ಎಂದೆ. ಆ ದಿನ ಚಹಾಕ್ಕೆ ಸಕ್ಕರೆ ಹಾಕಿದ್ದರೋ ಇಲ್ಲವೋ ತಿಳಿಯಲಿಲ್ಲ.

ಕೋಪವಿಲ್ಲ ಎಂದು ಬರೆಯೋಣವೆಂದಿದ್ದೆ. ಇತ್ತು. ಈಗ ಇಳಿದಿದೆ. ನಾನು ನಿನ್ನ ಜಾಗದಲ್ಲಿದ್ದರೆ, ಅಷ್ಟು ಜನ ಬಿಳಿ ಬಟ್ಟೆಯವರ ನಡುವೆ, ನಾನೂ ಹಾಗೇ ಹೇಳುತ್ತಿದ್ದೆನೇನೋ.

ನೀನು ಹೇಳಿದಂತೆ ಮದಿವಾಣನ್ ಬಳಿ ಹೋದೆ. "ಅದನ್ನ ತೆಗೆದ್ರೆ ನಾಟಕಾನೇ ಇಲ್ಲ ಅಕ್ಕಾ" ಎಂದ. "ಹಾಗಾದ್ರೆ ನಾಟಕ ಬೇಡ ಬಿಡಪ್ಪ" ಎಂದೆ. ಅವನ ಮುಖ ಸಣ್ಣದಾಯಿತು. ಆದರೂ ತೆಗೆದ, ಅದು ಅವನ ದೊಡ್ಡತನ. ಒಂದಷ್ಟು ವಾರ ನನ್ನ ಪಾತ್ರವಿಲ್ಲದೆ ತಾಲೀಮು ನಡೆಯಿತು. ನಾನು ಗೋಡೆಗೆ ಒರಗಿ ಕೂತು ಬೇರೆಯವರ ಕಥೆ ನೋಡುತ್ತಿದ್ದೆ. ಮನೆಗೆ ಬಂದ ನೆಂಟರು ಎಲ್ಲರನ್ನೂ ಮಾತಾಡಿಸಿ ನನ್ನನ್ನೊಬ್ಬಳನ್ನು ದಾಟಿ ಹೋದಂತೆ.

ಒಂದು ಭಾನುವಾರ ನಾನೇ ಎದ್ದು, "ಮತ್ತೆ ಹಾಕ್ಕೊಳ್ಳಿ" ಎಂದೆ.

ನಿನ್ನ ಹೆಸರು ತೆಗೆಸಿದ್ದೇನೆ. ಮಂಡಿಯವನು ಹೊಡೆದದ್ದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಮಗುವನ್ನು ತೆಗೆಯಲು ಮಾತ್ರ ನನ್ನಿಂದಾಗಲಿಲ್ಲ. ಬೇಕಾದರೆ ಬೈದು ಬರೆ.

ಹೋದ ವಾರ ಮೊದಲ ಆಟ ಆಯಿತು. ಕುರ್ಚಿ ತುಂಬ ಜನ. ಮುಗಿದ ಮೇಲೆ ರೇಷ್ಮೆ ಸೀರೆಯ ಹೆಂಗಸೊಬ್ಬಳು ಬಂದು ನನ್ನೆರಡೂ ಕೈ ಹಿಡಿದುಕೊಂಡು ಅತ್ತಳು. ಕಣ್ಣೊರೆಸಿಕೊಂಡು, "ಮನೆಗೆ ಹೇಗೆ ಹೋಗ್ತೀರಿ, ಬಸ್ಸಾ, ಆಟೋನಾ?" ಎಂದಳು. ತಾತ ಹಿಂದಿನಿಂದ, "ನಮ್ಮನ್ನ ಕರ್ಕೊಂಡು ಹೋಗೋಕೆ ಮನೇನೇ ಬರುತ್ತಮ್ಮ" ಎಂದ. ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಜುಲೈನಲ್ಲಿ ಬೇರೆ ಊರುಗಳಿಗೂ ಹೋಗುತ್ತೇವೆ. ಕೊಯಮತ್ತೂರಿಗೂ.

ಅಮ್ಮ


ಕೊಯಮತ್ತೂರು
21 ಜೂನ್ 1993

ಅಮ್ಮನಿಗೆ,

ಬೈಯುವುದಿಲ್ಲ. ಹಾಸ್ಟೆಲ್ ಕಡೆಗೆ ಬರಬೇಡ. ನೀವು ಬರುವ ವಾರವೆಲ್ಲ ನನಗೆ ಕೆಲಸವಿದೆ.

ಕೊಯಮತ್ತೂರಿನ ನೀರು ತಣ್ಣಗಿರುತ್ತದೆ, ನಿನಗೆ ಗಂಟಲು ಕಟ್ಟುತ್ತದೆ. ಕಾಯಿಸಿದ ನೀರು ಕೇಳಿ ಕುಡಿ.

ಎಳಿಲರಸಿ


ಕೊಯಮತ್ತೂರು ರೈಲು ನಿಲ್ದಾಣ
19 ಜುಲೈ 1993

ಎಳಿಲು,

ರೈಲು ತಡ. ಸುಗುಣಳಿಂದ ಹಾಳೆ ಇಸಿದುಕೊಂಡು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಆಟ ಆಯಿತು. ಚೆನ್ನಾಗಿಯೇ ಆಯಿತು ಎಂದರು. ನಮ್ಮನ್ನೆಲ್ಲ ಲಾಡ್ಜಿನಲ್ಲಿ ಇಳಿಸಿದ್ದರು. ನಾಲ್ಕು ಗೋಡೆ, ಒಂದು ಬಾಗಿಲು, ಅದಕ್ಕೆ ಚಿಲಕ. ಚಿಲಕ ಹಾಕಿದರೆ ಉಸಿರು ಕಟ್ಟಿತು, ತೆಗೆದರೆ ಹೆದರಿಕೆಯಾಯಿತು.

ಹಾಸ್ಟೆಲಿಗೆ ಬರಬೇಡ ಎಂದು ನೀನು ಬರೆದಿದ್ದೆ, ಬರಲಿಲ್ಲ. ಆಸ್ಪತ್ರೆಯ ಎದುರಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಬಸ್‌ಸ್ಟಾಪು ಎಲ್ಲರದು. ಬೆಳಗಿನ ಕೆಲಸಕ್ಕೆ ಹುಡುಗಿಯರು ಸಾಲಾಗಿ ಗೇಟು ದಾಟಿ ಹೋದರು. ಎಲ್ಲರಿಗೂ ಒಂದೇ ಬಿಳಿ ಬಟ್ಟೆ, ಒಂದೇ ಥರ ಬಿಗಿದು ಕಟ್ಟಿದ ಜಡೆ. ದೂರ ಬೇರೆ. ಕಣ್ಣು ಕಿರಿದು ಮಾಡಿ ನೋಡಿದೆ. ಯಾವುದು ನೀನೆಂದು ನನಗೆ ಗೊತ್ತಾಗಲಿಲ್ಲ.

ಹೆತ್ತವಳಿಗೆ ನಡಿಗೆಯಲ್ಲೇ ತಿಳಿಯಬೇಕಿತ್ತು. ಆಸ್ಪತ್ರೆಯವರು ನಡಿಗೆಯನ್ನೂ ಕಲಿಸಿಬಿಟ್ಟಿದ್ದಾರೆ. ಒಳ್ಳೆಯದೇ.

ರೈಲು ಬಂತು.

ಅಮ್ಮ


ಮದರಾಸು
30 ಆಗಸ್ಟ್ 1993

ಎಳಿಲು ಕಣ್ಣೇ,

ನಿನ್ನಿಂದ ಕಾಗದವಿಲ್ಲ. ಇರಲಿ, ನಾನೇ ಬರೆಯುತ್ತೇನೆ.

ಊರೂರು ಸುತ್ತಿ ಬಂದು ನೋಡಿದರೆ ನಮ್ಮ ಜಾಗದಲ್ಲಿ ಬೇರೆಯವರು. ಗಂಡ ಹೆಂಡತಿ, ಒಂದು ಕೈಗೂಸು, ದಿಂಡಿವನದ ಕಡೆಯವರು. ನಮ್ಮ ಗೋಡೆಗೆ ಅವರ ತಾಡಪಾಲು, ನಮ್ಮ ಮೊಳೆಗೆ ಅವರ ಚೀಲ. ನನ್ನ ಜೊತೆ ಸುತ್ತಿ ಬಂದಿದ್ದ ತಾತ ನನಗಿಂತ ಮುಂಚೆ ಹೋಗಿ ಜಗಳಕ್ಕೆ ನಿಂತ:

"ಇದು ಧನಭಾಗ್ಯಂ ಜಾಗ ಕಣಯ್ಯಾ! ಅವಳ ಮಗಳು ಹುಟ್ಟಿದ್ದೇ ಇಲ್ಲಿ!"

"ಖಾಲಿ ಇತ್ತು ತಾತಾ. ವಾರಗಟ್ಟಲೆ ಖಾಲಿ ಇತ್ತು."

"ನಾಟಕ ಆಡೋಕೆ ಹೋಗಿದ್ದಳು!"

"ಬೀದೀಲಿ ಇರೋರ್ಯಾರಾದ್ರೂ ನಾಟಕ ಆಡೋಕೆ ಹೋಗ್ತಾರಾ?"

ಅವನ ಹೆಂಡತಿ ಕೂಸನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದಳು. "ಇರಲಿ ಬಿಡು ತಾತಾ" ಎಂದೆ. ಈಗ ಮೂಲೆಯ ಗೋದಾಮಿನ ಮೆಟ್ಟಿಲ ಬಳಿ ಇದ್ದೇನೆ. ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ, ಬೇಳೆ ಒಣಗಿಸಲು ಒಳ್ಳೆಯದು. ಮನುಷ್ಯರಿಗೆ ಅಷ್ಟು ಒಳ್ಳೆಯದಲ್ಲ.

ನಾಟಕ ಮುಗಿಯಿತು. ಮದಿವಾಣನ್ ಈಗ ತೂತ್ತುಕುಡಿಯಲ್ಲಿ ಉಪ್ಪಿನ ಮಡಿಗಳಲ್ಲಿ ದುಡಿಯುವವರ ಕಥೆ ಕೇಳುತ್ತಿದ್ದಾನಂತೆ. ಒಳ್ಳೆಯ ಹುಡುಗ, ಅವರದನ್ನೂ ಚೆನ್ನಾಗಿ ಕೇಳುತ್ತಾನೆ. ಸುಗುಣ ಒಮ್ಮೆ ಬಿಸ್ಕತ್ತು ತಂದು, ಸ್ವಲ್ಪ ಹೊತ್ತು ಕೂತಳು. ನನ್ನ ಹೆರಿಗೆಯೊಳಗೆ ಹೊಕ್ಕು ಬಂದವಳು, ಬಿಸಿಲು ಜಾಸ್ತಿ ಅಲ್ವಾ ಅಕ್ಕಾ ಎಂದು ಕೇಳಿ ಎದ್ದುಹೋದಳು.

ಭಾನುವಾರ ಬಂದರೆ ಕಾಲು ತಾನಾಗಿಯೇ ಅಚ್ಚುಕೂಟದ ಕಡೆ ಹೊರಡುತ್ತದೆ. ಮೊದಲು ಯಾರೂ ಕೇಳುತ್ತಿರಲಿಲ್ಲ, ಅದು ಅಭ್ಯಾಸವಾಗಿತ್ತು. ಕೇಳಿ, ಆಮೇಲೆ ನಿಲ್ಲಿಸಿಬಿಟ್ಟರಲ್ಲ, ಅದು ಅಭ್ಯಾಸವಾಗಲು ಇನ್ನೂ ದಿನ ಬೇಕು.

ಗಂಟಲು ಕಟ್ಟಲಿಲ್ಲ. ಕಾಯಿಸಿದ ನೀರನ್ನೇ ಕುಡಿದೆ.

ಅಮ್ಮ


ಕೊಯಮತ್ತೂರು
22 ಸೆಪ್ಟೆಂಬರ್ 1993

ಅಮ್ಮಾ,

ಜುಲೈನಿಂದ ಈ ಕಾಗದ ಬರೆಯುತ್ತಿದ್ದೇನೆ. ಬರೆದು ಹರಿದು ಹಾಕುತ್ತಿದ್ದೇನೆ.

ಆ ಸಂಜೆ ನಾನು ಕೆಲಸದಲ್ಲಿದ್ದೆ. ಬೇರೆಯವಳೊಡನೆ ಪಾಳಿ ಬದಲಿಸಿಕೊಳ್ಳಬಹುದಿತ್ತು, ಕೇಳಲಿಲ್ಲ. ನಮ್ಮ ಆಸ್ಪತ್ರೆಗೆ ಒಂದಿಷ್ಟು ಬಿಟ್ಟಿ ಪಾಸು ಬಂದಿದ್ದವು. ಬೆನಿಟಾ ಹೋಗಿದ್ದಳು. ಮಾರನೆಯ ಬೆಳಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಶುರು ಮಾಡಿದಳು. ನಾಗರಕೋಯಿಲಿನವಳು, ಮಾತಾಡಲು ಹೊರಟರೆ ಕೈಕಾಲೆಲ್ಲ ಮಾತಾಡುತ್ತವೆ.

"ಏ, ಒಬ್ಬಳು ಹೆಂಗಸು ಕಣೇ! ಬೀದಿಯವಳೇ ಅಂತೆ. ಹಿಂಗೆ ಮಲಗಿ, ಹಿಂಗೆ ಬೈತಾಳೆ ನೋಡು..."

ಮಂಚದ ಮೇಲೆ ಮಲಗಿ ನಿನ್ನ ಹಾಗೆ ಬೈದಳು. ನಿನ್ನ ದನಿ ಬರಲಿಲ್ಲ, ನಿನ್ನ ಬೈಗುಳ ಬಂದವು. ನಾನು ಬಾಚಣಿಗೆ ಹಿಡಿದುಕೊಂಡೇ ನಿಂತೆ. ಆಮೇಲೆ ಅವಳು ಎದ್ದು ಇನ್ನೊಂದು ಹೇಳಿದಳು.

"ಅವಳ ಗಂಡ ಇದ್ದಾನಲ್ಲ, ಕೈಗಾಡಿ ಎಳೆಯೋನು, ಬಾಯೇ ಇಲ್ಲದ ಮನುಷ್ಯ ಅಂತೆ. ಅವನು ಹೋಗಿ ಗಾಡೀನ ಬೀದಿಗೆ ಅಡ್ಡ ನಿಲ್ಲಿಸಿಬಿಟ್ಟ! ಪೊಲೀಸ್ ಜೀಪು ಬಂತು. 'ತೆಗಿಯೋ' ಅಂದ್ರು. 'ನನ್ನ ಹೆಂಡತಿ ಹೆರ್ತಿದ್ದಾಳೆ, ಸುತ್ಕೊಂಡು ಹೋಗಿ' ಅಂದ. ಲಾಠಿ ತೋರಿಸಿದ್ರು. ಗಾಡಿ ಬಿಡಲಿಲ್ಲ. ಕೊನೆಗೆ ಜೀಪೇ ಹಿಂದೆ ಹೋಯ್ತು ಕಣೇ!"

ಅಮ್ಮಾ, ಇದನ್ನು ನೀನು ನನಗೆ ಎಂದೂ ಹೇಳಲಿಲ್ಲ. ಬೆನಿಟಾ ಬಾಯಿಂದ ಕೇಳಬೇಕಾಯಿತು.

ಕೆಲಸಕ್ಕೆ ಚಕ್ಕರ್ ಹೊಡೆದು ಆ ಸಭಾಭವನಕ್ಕೆ ಹೋದೆ. ನೀವೆಲ್ಲ ಹೊರಟುಹೋಗಿದ್ದಿರಿ. ಒಬ್ಬ ಕಸ ಗುಡಿಸುತ್ತಿದ್ದ. ನಿನ್ನ ರೈಲು ತಡವಾಗಿತ್ತೆಂದು ನಿನ್ನ ಕಾಗದದಿಂದ ಆಮೇಲೆ ತಿಳಿಯಿತು. ನಿಲ್ದಾಣಕ್ಕೆ ಹೋಗಿದ್ದರೆ ಸಿಗುತ್ತಿದ್ದೆ.

ನಿನ್ನ ಜಾಗ ಹೋಯಿತೆಂದು ಬರೆದ ಕಾಗದ ಬಂದ ದಿನ ಬೆನಿಟಾಗೆ ಹೇಳಿದೆ: "ಆ ನಾಟಕದ ಹೆಂಗಸು ನಮ್ಮಮ್ಮ." ಅವಳು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಅಂದಿನಿಂದ ನನ್ನೊಡನೆ ಮೆಲ್ಲಗೆ ಮಾತಾಡುತ್ತಾಳೆ, ರೋಗಿಯೊಡನೆ ಮಾತಾಡುವ ಹಾಗೆ. ತಲೆದಿಂಬಿಗೆ, ಬಕೆಟ್ಟಿಗೆ ಎಲ್ಲಕ್ಕೂ ನನ್ನೊಡನೆ ಜಗಳವಾಡುತ್ತಿದ್ದವಳು ಈಗ ಮೊದಲು ನೀನೇ ಸ್ನಾನ ಮಾಡು ಎನ್ನುತ್ತಾಳೆ. ಮೇಟ್ರನ್ ಅಮ್ಮನಿಗೂ ಹೇಳಿದೆ. ಅವರು, ಬದುಕಿರುವವರನ್ನು ಸಾಯಿಸಬಾರದಮ್ಮ ಎಂದರು. ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ಬೇಸಿಗೆಗೆ ತರಬೇತಿ ಮುಗಿಯುತ್ತದೆ. ಕೆಲಸ ಸಿಕ್ಕ ಊರಿನಲ್ಲಿ ಕೋಣೆ ಹಿಡಿಯುತ್ತೇನೆ.

ಅಪ್ಪ ನಿಜವಾಗಿ ಹಾಗೆ ಮಾಡಿದನೇ, ಇಲ್ಲ ಮದಿವಾಣನ್ ಸೇರಿಸಿದ್ದೇ? ಮಾಡಿದ್ದರೆ ಆಮೇಲೆ ಏನಾಯಿತು? ಬರೆ. ನಾನು ಕೇಳುತ್ತಿದ್ದೇನೆ.

ಎಳಿಲು


ಮದರಾಸು
3 ಅಕ್ಟೋಬರ್ 1993

ಎಳಿಲು ಕಣ್ಣೇ,

ಕೋಣೆ ಹಿಡಿ. ನಾನು ಬಂದು ಅಲ್ಲೇ ಇರುತ್ತೇನೋ, ನೋಡಿಕೊಂಡು ವಾಪಸ್ಸು ಬರುತ್ತೇನೋ, ಚಿಲಕದ ಜೊತೆ ನನಗೆ ಒಗ್ಗುತ್ತದೆಯೋ ಇಲ್ಲವೋ, ಆಗ ನೋಡೋಣ. ಬೆನಿಟಾಳೊಡನೆ ಬಕೆಟ್ಟಿಗೆ ನೀನೇ ಮೊದಲು ಜಗಳ ತೆಗೆ. ಅವಳಿಗೆ ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ, ಪಾಪ.

ನಿಮ್ಮಪ್ಪ ಮಾಡಿದ್ದು ನಿಜ. ನಿನಗೇಕೆ ಹೇಳಲಿಲ್ಲ ಎಂದರೆ, ಅವನೇ ಹೇಳಬೇಡ ಎಂದಿದ್ದ. ಪೊಲೀಸರಿಗೆ ಎದುರು ಮಾತಾಡಿದೆನೆಂದು ಮಂಡಿಯವರಿಗೆ ತಿಳಿದರೆ ಮೂಟೆ ಕೊಡುವುದಿಲ್ಲ ಎಂದು ಹೆದರಿದ್ದ. ಅವನು ಹೋದ ಮೇಲೆ ಹೇಳಬಹುದಿತ್ತು. ನಾನು ಅಪ್ಪನ ಮಾತೆತ್ತಿದರೆ ನೀನು ಎದ್ದು ಹೋಗುತ್ತಿದ್ದೆ.

ಆಮೇಲೆ ಆದದ್ದನ್ನು ನಾಟಕದಲ್ಲಿ ಹೇಳಿಲ್ಲ. ಮದಿವಾಣನ್ ಎಷ್ಟೋ ಸಲ ಕೇಳಿದ, "ಆಮೇಲೆ ಅಕ್ಕಾ?" ಎಂದು. "ಆಮೇಲೆ ಏನಪ್ಪಾ, ಮಗು ಅತ್ತಿತು" ಎಂದು ಮುಗಿಸಿದೆ. ಅದು ನಿನ್ನದು ಎಂದುಕೊಂಡಿದ್ದೆನೋ ಏನೋ.

ನೀನು ಹುಟ್ಟಿದ ಮೇಲೂ ನನಗೆ ರಕ್ತ ನಿಲ್ಲಲಿಲ್ಲ. ಹೆಂಗಸರು ಹೆದರಿದರು. ಬಸ್ಸಿಲ್ಲ, ರಿಕ್ಷಾ ಇಲ್ಲ, ಬಂದಿದ್ದ ಪೊಲೀಸ್ ಜೀಪನ್ನು ಇವನೇ ವಾಪಸ್ಸು ಕಳಿಸಿದ್ದ. ಗಾಡಿಯ ಮೇಲೆ ಗೋಣಿ ಹಾಸಿ, ಹೆಂಗಸರ ಸೀರೆಗಳನ್ನೆಲ್ಲ ಅದರ ಮೇಲೆ ಹಾಸಿ, ನಮ್ಮಿಬ್ಬರನ್ನೂ ಮಲಗಿಸಿದ. ಆಸ್ಪತ್ರೆಯ ಕಡೆ ಹೊರಟ.

ಹಗಲು ಹೊತ್ತು ದೊಡ್ಡ ರಸ್ತೆಗೆ ಕೈಗಾಡಿ ಬಿಡುತ್ತಿರಲಿಲ್ಲ, ನಿನಗೆ ಗೊತ್ತು. ಬಿಟ್ಟಾಗಲೂ ಅವನು ಚರಂಡಿ ಅಂಚಿಗೇ ಎಳೆಯುತ್ತಿದ್ದವನು, ಬಸ್ಸಿನವನೂ ಬೈಯುತ್ತಿದ್ದ, ಸೈಕಲ್ಲಿನವನೂ ಬೈಯುತ್ತಿದ್ದ. ಆ ದಿನ ದೊಡ್ಡ ರಸ್ತೆಗೆ ಬಂದವನೇ ನಡು ರಸ್ತೆಗೆ ಗಾಡಿ ತಂದ. ನಾನು ಮಲಗಿಯೇ ನೋಡಿದೆ. ಎರಡೂ ಕಡೆ ದೊಡ್ಡ ದೊಡ್ಡ ಅಂಗಡಿ, ಎಲ್ಲ ಬಾಗಿಲು ಹಾಕಿವೆ. ಉದ್ದಕ್ಕೂ ಬಿಸಿಲು ಬಿದ್ದ ರಸ್ತೆ, ಒಂದು ನಾಯಿಯೂ ಇಲ್ಲ. ನೀನು ನನ್ನ ಎದೆಯ ಮೇಲೆ ಬಿಸಿಯಾಗಿದ್ದೆ.

ಅವನು ಓಡತೊಡಗಿದ. ಓಡುತ್ತಾ ಕೂಗುತ್ತಿದ್ದ. ಅಷ್ಟು ದೊಡ್ಡ ದನಿ ಅವನಿಗಿದೆಯೆಂದು ನನಗೆ ಅಂದೇ ತಿಳಿದದ್ದು.

"ದಾರಿ ಬಿಡಿ! ದಾರಿ ಬಿಡಿ! ನನ್ನ ಮಗಳು ಬರ್ತಿದ್ದಾಳೆ, ದಾರಿ ಬಿಡಿ!"

ರಸ್ತೆಯಲ್ಲಿ ಯಾರೂ ಇರಲಿಲ್ಲ ಕಣ್ಣೇ. ಆಸ್ಪತ್ರೆಯ ಗೇಟು ಬರುವವರೆಗೂ ಕೂಗುತ್ತಲೇ ಇದ್ದ.

ಅಮ್ಮ